ನ್ಯೂಯಾರ್ಕ್‌ನಿಂದ ಸಿಂಗಾಪುರ: ದೂರ ಒಂದೇ, ಗಂಟೆಗಳ ಲೆಕ್ಕ ಯಾಕೆ ಕೂಡುತ್ತಿಲ್ಲ?

ಓದುಗರ ಪ್ರಶ್ನೆ: ನಮ್ಮ ಅಪ್ಪನಿಗೆ 71 ವರ್ಷ. ಈಗ ನ್ಯೂಯಾರ್ಕಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಜನವರಿಯಲ್ಲಿ ಸಿಂಗಾಪುರಕ್ಕೆ ನಮ್ಮ ಹತ್ತಿರ ಬರಬೇಕು, ಅದೂ ಒಬ್ಬರೇ. ದೂರ ಎಷ್ಟು ಅಂತ ಹುಡುಕಿದರೆ ಒಂದು ಕಡೆ 15,349 ಅಂತಿದೆ, ಇನ್ನೊಂದು ಕಡೆ 9,537, ಮತ್ತೊಂದು ಕಡೆ 8,288. ಹಾರಾಟಕ್ಕೆ 17 ಗಂಟೆ ಅಂತ ಒಂದು ಕಡೆ ಬರೆದಿದ್ದಾರೆ. ನೇರ ವಿಮಾನದ ಟಿಕೆಟ್‌ನಲ್ಲಿ 18 ಗಂಟೆ 40 ನಿಮಿಷ ಅಂತಿದೆ. ಸೋಮವಾರ ರಾತ್ರಿ 10:30ಕ್ಕೆ ಹೊರಟು ಬುಧವಾರ ಬೆಳಗ್ಗೆ 6:10ಕ್ಕೆ ಇಳಿಯುತ್ತದಂತೆ. ಇದನ್ನು ನೋಡಿ ಅಪ್ಪ 'ಎರಡು ದಿನ ಕೂತೇ ಇರಬೇಕಾ?' ಅಂತ ಗಾಬರಿಯಾಗಿದ್ದಾರೆ. ಅಷ್ಟು ಹೊತ್ತಿಗೆ ಇಂಧನ ಸಾಲುತ್ತಾ ಅನ್ನೋ ಭಯ ಬೇರೆ. ಭೂಮಿ ತಿರುಗುವುದರಿಂದ ಒಂದು ದಿಕ್ಕಿಗೆ ಬೇಗ, ಇನ್ನೊಂದು ದಿಕ್ಕಿಗೆ ತಡ ಅಂತ ಭಾವ ಹೇಳುತ್ತಾರೆ. ಯಾವುದು ನಿಜ? ನೇರ ವಿಮಾನವೇ ಒಳ್ಳೆಯದಾ, ಮಧ್ಯೆ ಒಂದು ಕಡೆ ಇಳಿದು ಬರುವುದು ಒಳ್ಳೆಯದಾ?

ಉತ್ತರ: ನಿಮ್ಮ ಅಪ್ಪನ ಗಾಬರಿಯಿಂದಲೇ ಶುರು ಮಾಡೋಣ. ಅದು ಎರಡೇ ನಿಮಿಷದಲ್ಲಿ ಕಳೆಯುವಂಥದ್ದು. ಅವರಿಗೆ ಫೋನ್ ಮಾಡಿ, ಒಂದು ಹಾಳೆಯ ಮೇಲೆ ಇಬ್ಬರೂ ಒಟ್ಟಿಗೆ ಬರೆಯಿರಿ. ಸೋಮವಾರ ರಾತ್ರಿ 10:30ಕ್ಕೆ 18 ಗಂಟೆ 40 ನಿಮಿಷ ಕೂಡಿಸಿದರೆ ಮಂಗಳವಾರ ಸಂಜೆ 5:10. ಅಪ್ಪ ಕೈಗಡಿಯಾರವನ್ನು ಮುಟ್ಟದೆ ಬಿಟ್ಟರೆ, ಇಳಿಯುವಾಗ ಅದು ತೋರಿಸುವುದು ಇದೇ ಸಮಯ. ಸಿಂಗಾಪುರದ ಗಡಿಯಾರ ವರ್ಷಪೂರ್ತಿ ಯುಟಿಸಿ ಅನ್ನುವ ಜಾಗತಿಕ ಮೂಲ ಸಮಯಕ್ಕಿಂತ 8 ಗಂಟೆ ಮುಂದೆ. ನ್ಯೂಯಾರ್ಕ್ ಚಳಿಗಾಲದಲ್ಲಿ 5 ಗಂಟೆ ಹಿಂದೆ. ಒಟ್ಟು ಅಂತರ 13 ಗಂಟೆ. ಮಂಗಳವಾರ ಸಂಜೆ 5:10ಕ್ಕೆ ಈ 13 ಸೇರಿಸಿ, ಬುಧವಾರ ಬೆಳಗ್ಗೆ 6:10 ಬರುತ್ತದೆ. ಟಿಕೆಟ್ ಸರಿಯಾಗಿಯೇ ಇದೆ. ಅಪ್ಪ ಕೂರುವುದು ಹತ್ತೊಂಬತ್ತು ಗಂಟೆಗೂ ಕಡಿಮೆ. ಉಳಿದದ್ದು ಗಡಿಯಾರದ ಮುಳ್ಳು ಮುಂದಕ್ಕೆ ಹೋದದ್ದು ಅಷ್ಟೇ.

ವಾಪಸ್ ಹೋಗುವಾಗ ಇದೇ ಲೆಕ್ಕ ತಿರುಗುತ್ತದೆ. ಮಧ್ಯಾಹ್ನ 12ಕ್ಕೆ ಸಿಂಗಾಪುರ ಬಿಟ್ಟು ಅಷ್ಟೇ ಹೊತ್ತು ಹಾರಿದರೆ ನ್ಯೂಯಾರ್ಕಿನಲ್ಲಿ ಅದೇ ದಿನ ಸಂಜೆ 5:40! ಇನ್ನೊಂದು ಮಾತು ನೆನಪಿರಲಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ಅಂತರ 12 ಗಂಟೆ. ಬೇಸಿಗೆಯ ಟಿಕೆಟ್‌ಗೂ ಚಳಿಗಾಲದ ಟಿಕೆಟ್‌ಗೂ ಇಳಿಯುವ ಸಮಯದಲ್ಲಿ ಒಂದು ಗಂಟೆ ವ್ಯತ್ಯಾಸ ಕಂಡರೆ ಬಹಳ ಸಲ ಕಾರಣ ಇದೇ.

ಇನ್ನು ಆ ಮೂರು ಸಂಖ್ಯೆಗಳು. ಮೂರೂ ಸರಿ, ಅಳತೆಗೋಲು ಮಾತ್ರ ಬೇರೆ. 15,349 ಕಿಲೋಮೀಟರ್, 9,537 ಮೈಲಿ, 8,288 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಪೈಲಟ್‌ಗಳು, ವಿಮಾನದ ದಾರಿ, ಇಂಧನದ ಲೆಕ್ಕ ಹಾಕಿಕೊಡುವ ನನ್ನಂಥ ಡಿಸ್ಪ್ಯಾಚರ್‌ಗಳು ದಿನವೂ ಬಳಸುವುದು ಇದನ್ನೇ. ಎಷ್ಟೋ ಕಡೆ ಬರೀ 'ಮೈಲಿ' ಅಂತ ಬರೆದು ಬಿಟ್ಟಿರುತ್ತಾರೆ, ಅಲ್ಲೇ ಗೊಂದಲ ಆಗೋದು.

ಈ ದೂರವನ್ನು ನೀವೇ ಮನೆಯಲ್ಲಿ ಲೆಕ್ಕ ಹಾಕಬಹುದು. ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಒಂದು ಗ್ಲೋಬ್ ಮತ್ತು ಒಂದು ದಾರ ಸಾಕು. ದಾರದ ಒಂದು ತುದಿಯನ್ನು ನ್ಯೂಯಾರ್ಕ್ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಸಿಂಗಾಪುರದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಅಟ್ಲಾಂಟಿಕ್ ಮೇಲೂ ನಿಲ್ಲುವುದಿಲ್ಲ, ಪೆಸಿಫಿಕ್ ಮೇಲೂ ನಿಲ್ಲುವುದಿಲ್ಲ. ಸರಕ್ಕನೆ ಮೇಲಕ್ಕೆ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣ ಇರುವುದು 73.8 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ಸಿಂಗಾಪುರದ ಚಾಂಗಿ 104 ಡಿಗ್ರಿ ಪೂರ್ವದಲ್ಲಿ. ಎರಡನ್ನೂ ಕೂಡಿಸಿದರೆ 177.8. ಅಂದರೆ ಹೆಚ್ಚುಕಡಿಮೆ ಭೂಮಿಯ ಎದುರುಬದುರು ಬದಿ. ಹಾಗಾಗಿ ಧ್ರುವದವರೆಗೆ ಹತ್ತಿ ಆ ಕಡೆ ಇಳಿಯುವುದೇ ಹತ್ತಿರದ ದಾರಿ. ಕೆನಡಿಯಿಂದ ಧ್ರುವಕ್ಕೆ 49.4 ಡಿಗ್ರಿ. ಧ್ರುವದಿಂದ ಚಾಂಗಿಗೆ 88.6 ಡಿಗ್ರಿ. ಒಟ್ಟು 138. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಅಂತ ಗುಣಿಸಿದರೆ 15,346 ಬರುತ್ತದೆ. ವೆಬ್‌ಸೈಟಿನ ಸಂಖ್ಯೆಗೂ ನಿಮ್ಮ ದಾರಕ್ಕೂ ಮೂರೇ ಕಿ.ಮೀ. ವ್ಯತ್ಯಾಸ. ನನಗೆ ಇದು ಇವತ್ತಿಗೂ ಖುಷಿ ಕೊಡುವ ಲೆಕ್ಕ.

ಗೋಡೆಯ ಮೇಲಿನ ಚಪ್ಪಟೆ ನಕ್ಷೆ ನೋಡಿದವರಿಗೆ ಇದು ನಂಬುವುದು ಕಷ್ಟ. ನಮಗೆ ರೂಢಿಯಾಗಿರುವ ಆ ನಕ್ಷೆಯ ಮೂಲ 1569ರ ಮರ್ಕೇಟರ್ ನಕ್ಷೆ. ಹಡಗಿನವರಿಗೆ ದಿಕ್ಕು ಹಿಡಿಯಲು ಅನುಕೂಲವಾಗಲಿ ಅಂತ ಮಾಡಿದ್ದು. ಅದರಲ್ಲಿ ಧ್ರುವದ ಹತ್ತಿರ ಹೋದಷ್ಟೂ ನೆಲ ಹಿಗ್ಗಿ ಕಾಣುತ್ತದೆ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು, ಆ ನಕ್ಷೆಯಲ್ಲಿ ಎರಡೂ ಒಂದೇ ಗಾತ್ರ ಅನ್ನಿಸುತ್ತವೆ. ಹಾಗಾಗಿ ಅದರ ಮೇಲೆ ನೇರವಾಗಿ ಕಂಡ ಗೆರೆ ನಿಜವಾಗಿ ಸುತ್ತುದಾರಿ ಆಗಿರಬಹುದು.

ಆ 17 ಗಂಟೆ ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. 15,349ನ್ನು 900ರಿಂದ ಭಾಗಿಸಿ, 17 ಬರುತ್ತದೆ. ದೊಡ್ಡ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ ಅನ್ನುವುದು ನಿಜ. ಆದರೆ ಆ ಲೆಕ್ಕಕ್ಕೆ ಗಾಳಿ ಗೊತ್ತಿಲ್ಲ, ರನ್‌ವೇಗೆ ಕಾಯುವ ಸಾಲು ಗೊತ್ತಿಲ್ಲ, ವಿಮಾನಗಳಿಗೆ ಮುಚ್ಚಿದ ದೇಶಗಳ ಆಕಾಶ ಗೊತ್ತಿಲ್ಲ. ಟಿಕೆಟ್‌ನಲ್ಲಿ ಇರುವುದನ್ನು ನಾವು ಬ್ಲಾಕ್ ಟೈಮ್ ಅನ್ನುತ್ತೇವೆ. ವಿಮಾನ ಗೇಟ್‌ನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಆ ಕಡೆಯ ಗೇಟ್‌ನಲ್ಲಿ ನಿಲ್ಲುವವರೆಗಿನ ಸಮಯ ಅದು. ಕೆನಡಿಯಂಥ ನಿಲ್ದಾಣದಲ್ಲಿ ಸಂಜೆ ಹೊತ್ತು ರನ್‌ವೇ ತಲುಪುವುದಕ್ಕೇ ಅರ್ಧ ಗಂಟೆ ಹೋದರೆ ಆಶ್ಚರ್ಯ ಇಲ್ಲ. ಕಂಪನಿಗಳು ಸ್ವಲ್ಪ ಸಮಯವನ್ನು ಜಾಸ್ತಿಯೇ ಇಟ್ಟುಕೊಂಡಿರುತ್ತವೆ. ಪ್ರಯಾಣಕ್ಕೆ ನೀವು ನಂಬಬೇಕಾದ್ದು ಈ ಬ್ಲಾಕ್ ಟೈಮನ್ನೇ.

ಈಗ ಗಾಳಿಯ ವಿಷಯಕ್ಕೆ ಬರೋಣ, ಮುಖ್ಯವಾದದ್ದು ಇಲ್ಲೇ ಇದೆ. ಡಿಸ್ಪ್ಯಾಚ್ ಕೋಣೆಯಲ್ಲಿ ನಾನು ಕಳೆದ ವರ್ಷಗಳಲ್ಲಿ ಪ್ರತಿ ಪಾಳಿಯಲ್ಲೂ ಮೊದಲು ನೋಡುತ್ತಿದ್ದದ್ದು ಗಾಳಿಯ ನಕ್ಷೆ, ದೂರದ ಪಟ್ಟಿ ಅಲ್ಲ. ವಿಮಾನ ಗಾಳಿಯೊಳಗೆ ಹೋಗುತ್ತದೆ, ದೋಣಿ ಹೊಳೆಯಲ್ಲಿ ಹೋದ ಹಾಗೆ. ಹೊಳೆ ಹರಿಯುವ ಕಡೆಗೆ ಹುಟ್ಟು ಹಾಕಿದರೆ ದಡ ಬೇಗ ಬೇಗ ಹಿಂದಕ್ಕೆ ಸರಿಯುತ್ತದೆ. ಎದುರಿಗೆ ಹಾಕಿದರೆ ಅದೇ ಶ್ರಮ, ಅರ್ಧ ದಾರಿ. ಭೂಮಿಯಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಇಂಥ ದೊಡ್ಡ ಹೊಳೆ ಇದೆ. ಅದೇ ಜೆಟ್ ಸ್ಟ್ರೀಮ್. 1920ರ ದಶಕದಲ್ಲಿ ಜಪಾನಿನ ಹವಾಮಾನ ತಜ್ಞ ವಾಸಾಬುರೊ ಒಯಿಶಿ ಬಲೂನ್ ಹಾರಿಬಿಟ್ಟು ಇದನ್ನು ಅಳೆದಿದ್ದರು. ವರದಿಯನ್ನು ಎಸ್ಪೆರಾಂಟೊ ಅನ್ನುವ ಕೃತಕ ಭಾಷೆಯಲ್ಲಿ ಬರೆದಿದ್ದರಿಂದ ಹೊರಗಿನವರು ಹೆಚ್ಚು ಜನ ಓದಲಿಲ್ಲ. 1944ರಲ್ಲಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಜಪಾನ್ ಮೇಲೆ ಹೋದಾಗ ಅಲ್ಲಿನ ಗಾಳಿಯ ಹೊಡೆತಕ್ಕೆ ಪೈಲಟ್‌ಗಳು ಬೆಚ್ಚಿದರು.

ಈ ಗಾಳಿ ಚಳಿಗಾಲದಲ್ಲಿ ಜೋರು. ಗಂಟೆಗೆ 150-200 ಕಿ.ಮೀ. ಮಾಮೂಲಿ, ಕೆಲವು ದಿನ ಇನ್ನೂ ಎಷ್ಟೋ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಇಳಿಯಿತು. ಸಾಮಾನ್ಯವಾಗಿ ಆರೂವರೆ ಗಂಟೆಯ ಆಸುಪಾಸು ಹಿಡಿಯುವ ದಾರಿ ಅದು. ಇಂಜಿನ್ ಹೊಸದಾಗಿರಲಿಲ್ಲ, ದಾರಿಯೂ ಹೊಸದಲ್ಲ. ಆ ದಿನ ಕಿಯಾರಾ ಚಂಡಮಾರುತದ ಗಾಳಿ ಬೆನ್ನಿಗಿತ್ತು ಅಷ್ಟೇ.

ಹೋಗುವಾಗ ತಳ್ಳಿದ ಗಾಳಿ ಬರುವಾಗ ತಡೆದರೆ ಸರಿಸಮ ಆಗುತ್ತೆ ಅಲ್ವಾ ಅಂತ ಅನ್ನಿಸಬಹುದು. ಆಗುವುದಿಲ್ಲ. 6,000 ಕಿ.ಮೀ. ದಾರಿ, ವಿಮಾನದ ವೇಗ 900, ಗಾಳಿ 150 ಅಂದುಕೊಳ್ಳಿ. ಹೋಗುವಾಗ 1,050ರ ವೇಗದಲ್ಲಿ 5 ಗಂಟೆ 43 ನಿಮಿಷ. ಬರುವಾಗ 750ರ ವೇಗದಲ್ಲಿ 8 ಗಂಟೆ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 13 ಗಂಟೆ 20 ನಿಮಿಷ ಆಗಬೇಕಿತ್ತು, ಈಗ 13 ಗಂಟೆ 43 ನಿಮಿಷ. ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಅದಕ್ಕೇ ನಷ್ಟ ಯಾವಾಗಲೂ ಲಾಭಕ್ಕಿಂತ ದೊಡ್ಡದು.

ಇಲ್ಲೇ ನಿಮ್ಮ ಭಾವನವರ ಮಾತಿಗೂ ಉತ್ತರ ಇದೆ. ಒಂದು ದಿಕ್ಕು ಬೇಗ, ಇನ್ನೊಂದು ತಡ ಅನ್ನುವುದು ಅವರು ಸರಿಯಾಗಿಯೇ ಗಮನಿಸಿದ್ದಾರೆ. ಆದರೆ ಕಾರಣ ಅವರು ಅಂದುಕೊಂಡದ್ದಲ್ಲ. ಭೂಮಿ ತಿರುಗುವಾಗ ಗಾಳಿಯೂ ಜೊತೆಗೇ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ವಿಮಾನ ಆಕಾಶದಲ್ಲಿ ಸುಮ್ನೆ ನಿಂತು, ಊರು ತಾನಾಗಿ ಕೆಳಗೆ ಬರಲಿ ಅಂತ ಕಾಯಲು ಸಾಧ್ಯವಿಲ್ಲ. ಜೆಟ್ ಸ್ಟ್ರೀಮ್ ಪೂರ್ವಕ್ಕೆ ಬಾಗುವುದರಲ್ಲಿ ಭೂಮಿಯ ತಿರುಗುವಿಕೆಯ ಪಾತ್ರ ಇದೆ. ಆದರೆ ವಿಮಾನವನ್ನು ತಳ್ಳುವುದು ಗಾಳಿಯೇ.

ನಿಮ್ಮ ಅಪ್ಪ ಬರುವ ದಾರಿಯಲ್ಲಿ ಒಂದು ಸೊಗಸು ಇದೆ. ಎರಡು ಊರು ಎದುರುಬದುರಾಗಿ ಇರುವುದರಿಂದ, ಎರಡು ಕಡೆಗೂ ಪೂರ್ವಕ್ಕೇ ಹೋಗಿ ತಲುಪಬಹುದು. ನ್ಯೂಯಾರ್ಕಿನಿಂದ ಬರುವ ವಿಮಾನ ಬಹಳ ಸಲ ಅಟ್ಲಾಂಟಿಕ್ ದಾಟಿ, ಯುರೋಪ್ ದಾಟಿ, ಪಶ್ಚಿಮ ಏಷ್ಯಾದ ಕಡೆಯಿಂದ ಇಳಿಯುತ್ತದೆ. ಸಿಂಗಾಪುರದಿಂದ ಹೋಗುವ ವಿಮಾನ ಬಹಳ ಸಲ ಪೆಸಿಫಿಕ್ ದಾಟಿ ಹೋಗುತ್ತದೆ. ಎರಡಕ್ಕೂ ಬೆನ್ನಿಗೇ ಗಾಳಿ. ಹೋಗಿ ಬಂದವರು ಭೂಮಿಗೆ ಒಂದು ಸುತ್ತು ಹಾಕಿದಂತಾಗುತ್ತದೆ! ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಡಿಸ್ಪ್ಯಾಚರ್ ಮಾಡುವುದು ಅದನ್ನೇ. ದಾರಿ 15,349ಕ್ಕಿಂತ ಸಾವಿರ ಕಿ.ಮೀ. ಉದ್ದವಾದರೂ ಪರವಾಗಿಲ್ಲ, ಗಾಳಿ ಬೆನ್ನಿಗಿದ್ದರೆ ಗಂಟೆಗಳು ಉಳಿಯುತ್ತವೆ. ನಾವು ಪೈಲಟ್‌ಗೆ ಕೊಡುವ ಫ್ಲೈಟ್ ಪ್ಲಾನ್ ಹಾಳೆಯಲ್ಲಿ ಗಾಳಿಗೆಂದೇ ಒಂದು ಕಾಲಂ ಇರುತ್ತದೆ. ಪಿ 45 ಅಂತಿದ್ದರೆ ಹಿಂದಿನಿಂದ 45 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಗಾಳಿ, ಎಂ 45 ಅಂತಿದ್ದರೆ ಎದುರಿನಿಂದ. ಮೂರು ದಾರಿಯ ಮೂರು ಹಾಳೆ ಪಕ್ಕಪಕ್ಕ ಇಟ್ಟಾಗ, ಅತಿ ಉದ್ದದ ದಾರಿಯೇ ಅತಿ ಬೇಗದ್ದು ಆಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಧ್ರುವದ ಮೇಲಿನ ಹತ್ತಿರದ ದಾರಿ ಯಾಕೆ ಬೇಡ? ಕೆಲವೊಮ್ಮೆ ಅಲ್ಲಿ ಗಾಳಿಯ ಲಾಭ ಇಲ್ಲ. ತೀರಾ ತಣ್ಣಗಿನ ಗಾಳಿಯಲ್ಲಿ ಇಂಧನದ ತಾಪಮಾನದ ಮೇಲೂ ಕಣ್ಣಿಡಬೇಕು. ಜೆಟ್ ಎ-1 ಇಂಧನದ ಘನೀಭವನದ ಮಿತಿ ಮೈನಸ್ 47 ಡಿಗ್ರಿ, ಅಮೆರಿಕದಲ್ಲಿ ಹೆಚ್ಚು ಸಿಗುವ ಜೆಟ್ ಎ ಇಂಧನಕ್ಕೆ ಮೈನಸ್ 40. ಇದೆಲ್ಲಕ್ಕಿಂತ ದೊಡ್ಡ ಕಾರಣ, ಆ ದಾರ ಧ್ರುವ ದಾಟಿದ ಮೇಲೆ ಬೀಳುವುದು ರಷ್ಯಾದ ಮೇಲೆ. 2022ರಿಂದ ಬಹಳಷ್ಟು ದೇಶಗಳ ಕಂಪನಿಗಳು ಅಲ್ಲಿ ಹಾರುತ್ತಿಲ್ಲ. ಇದರ ಪೆಟ್ಟು ಎಷ್ಟು ಅನ್ನುವುದಕ್ಕೆ ಹೆಲ್ಸಿಂಕಿ-ಟೋಕಿಯೊ ನೋಡಿ. ಎರಡು ಊರಿನ ನಡುವಿನ ದೂರ ಒಂದು ಮೀಟರ್ ಕೂಡ ಬದಲಾಗಿಲ್ಲ, ಸುಮಾರು 7,800 ಕಿ.ಮೀ. ಮೊದಲು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. 2022ರ ಮಾರ್ಚ್‌ನಲ್ಲಿ ಫಿನ್‌ಲ್ಯಾಂಡಿನ ಫಿನ್ನೇರ್ ಕಂಪನಿ ಉತ್ತರ ಧ್ರುವ ಸುತ್ತಿ ಹೋಗಲು ಶುರು ಮಾಡಿದಾಗ ಅದು 13 ಗಂಟೆಯಾಯಿತು.

ಇಂಧನದ ಭಯ. ಇದನ್ನು ನನಗೆ ಅನೇಕರು ಕೇಳಿದ್ದಾರೆ, ಅದು ಸಹಜವಾದ ಭಯ. ವಿಮಾನಕ್ಕೆ 'ಅಲ್ಲಿಗೆ ತಲುಪುವಷ್ಟು' ಇಂಧನ ಹಾಕುವುದಿಲ್ಲ. ದಾರಿಗೆ ಬೇಕಾದಷ್ಟು, ಲೆಕ್ಕ ತಪ್ಪಿದರೆ ಅಂತ ಅದರ ಮೇಲೆ ಇಷ್ಟು ಶೇಕಡಾ, ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವಷ್ಟು, ಅದೆಲ್ಲಾ ಮುಗಿದ ಮೇಲೂ 30 ನಿಮಿಷ ಸುತ್ತುವಷ್ಟು ಇರಬೇಕು. ಆ ಕೊನೆಯ ಮೂವತ್ತು ನಿಮಿಷ ಅಂತರರಾಷ್ಟ್ರೀಯ ನಿಯಮ. ಅದನ್ನು ಮುಟ್ಟುವ ಸ್ಥಿತಿ ಬಂದರೆ ಪೈಲಟ್ ತುರ್ತು ಪರಿಸ್ಥಿತಿ ಅಂತ ಘೋಷಿಸಲೇಬೇಕು. ದಾರಿಯ ನಡುವೆ ಗಾಳಿ ಅಂದುಕೊಂಡದ್ದಕ್ಕಿಂತ ಜೋರಾಗಿ ಎದುರಾದರೆ ಮಧ್ಯದಲ್ಲಿ ಎಲ್ಲೋ ಇಳಿಸಿ ಇಂಧನ ತುಂಬಿಸುತ್ತಾರೆ. ಪ್ರಯಾಣಿಕರಿಗೆ ಅದು ತಡ, ಅಪಾಯ ಅಲ್ಲ.

ಈಗ ನಿಮ್ಮ ಆಯ್ಕೆ. ನೇರ ವಿಮಾನದಲ್ಲಿ ಸಿಂಗಾಪುರ್ ಏರ್‌ಲೈನ್ಸ್ ಈ ದಾರಿಗೆ ಬಳಸುವುದು ಏರ್‌ಬಸ್ ಎ350-900ಯುಎಲ್ಆರ್. ಅದರಲ್ಲಿ ಇರುವುದು 161 ಸೀಟು ಮಾತ್ರ, ಇಕಾನಮಿ ಕ್ಲಾಸ್ ಇಲ್ಲವೇ ಇಲ್ಲ. ದೂರ ಜಾಸ್ತಿಯಾದಷ್ಟೂ ಇಂಧನ ಜಾಸ್ತಿ, ಆ ಇಂಧನದ ಭಾರ ಹೊರುವುದಕ್ಕೇ ಮತ್ತಷ್ಟು ಇಂಧನ. ಭಾರ ಇಳಿಸಲು ಜನರನ್ನು ಕಡಿಮೆ ಮಾಡಿದ್ದಾರೆ, ಹಾಗಾಗಿ ದರ ಏರಿದೆ. ಲಾಭ ಏನೆಂದರೆ ಒಬ್ಬರೇ ಬರುವ ಹಿರಿಯರು ಎಲ್ಲೂ ಗೇಟ್ ಹುಡುಕಬೇಕಿಲ್ಲ, ವಿಮಾನ ತಪ್ಪುವ ಪ್ರಶ್ನೆಯೇ ಇಲ್ಲ. ಎ350ರೊಳಗಿನ ಗಾಳಿಯ ಒತ್ತಡವನ್ನೂ ಸುಮಾರು 1,800 ಮೀಟರ್ ಎತ್ತರದ ಊರಿನ ಮಟ್ಟಕ್ಕೆ ಇಡುತ್ತಾರೆ. ಹಳೆಯ ವಿಮಾನಗಳಲ್ಲಿ ಇದು 2,400 ಮೀಟರ್‌ವರೆಗೂ ಹೋಗುತ್ತದೆ. ಆಯಾಸದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಷ್ಟ ಏನೆಂದರೆ ಕೂತೇ ಇರುವ ಹೊತ್ತು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆಗಲೂ ಅದು ಆರೋಗ್ಯವಂತರಲ್ಲಿ ಸುಮಾರು 6,000 ಜನಕ್ಕೆ ಒಬ್ಬರ ಲೆಕ್ಕ. ಅಪ್ಪನಿಗೆ ಮೊದಲೇ ಹಾಗೆ ಆಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಹೃದಯದ ತೊಂದರೆ ಇದ್ದರೆ ಟಿಕೆಟ್ ತೆಗೆಯುವ ಮೊದಲು ಡಾಕ್ಟರನ್ನು ಕೇಳಿ. ಅದು ನನ್ನಂಥವರು ಹೇಳುವ ವಿಷಯ ಅಲ್ಲ. ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಡಿ, ಎದ್ದು ಓಡಾಡಲು ಯಾರನ್ನೂ ಕೇಳಬೇಕಾಗುವುದಿಲ್ಲ.

ಒಂದೇ ಟಿಕೆಟ್‌ನಲ್ಲಿ ಒಂದು ಕಡೆ ಇಳಿದು ಬರುವುದು ಎರಡನೆಯದು. ಫ್ರಾಂಕ್‌ಫರ್ಟ್ ಮೂಲಕ ಬಂದರೆ ಒಟ್ಟು ದೂರ 16,500 ಕಿ.ಮೀ. ಆಸುಪಾಸು, ಅಂದರೆ ಜಾಸ್ತಿಯಾಗುವುದು ಸಾವಿರ ಚಿಲ್ಲರೆ ಕಿ.ಮೀ. ಮಾತ್ರ. ಹಾರಾಟದ ಲೆಕ್ಕದಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಉಳಿದ ಹೊತ್ತೆಲ್ಲಾ ಹೋಗುವುದು ಇಳಿಯುವುದಕ್ಕೆ, ಕಾಯುವುದಕ್ಕೆ, ಮತ್ತೆ ಹತ್ತುವುದಕ್ಕೆ. ಇಕಾನಮಿ ಸಿಗುತ್ತದೆ, ಕಾಲು ಚಾಚಿ ನಡೆಯಬಹುದು. ನಡುವೆ ಮೂರರಿಂದ ನಾಲ್ಕು ಗಂಟೆ ಇರುವಂತೆ ನೋಡಿ. ಒಂದು ಗಂಟೆಯ ಅಂತರ ತೋರಿಸುವ ಟಿಕೆಟ್ ನಿಯಮದ ಪ್ರಕಾರ ಸರಿ ಇರಬಹುದು, 71ರ ಕಾಲಿಗೆ ಸರಿಯಲ್ಲ. ಬುಕ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿ. ಅಪ್ಪ ನಡೆಯಬಲ್ಲರು ಅಂತ ಬಿಡಬೇಡಿ, ಜೊತೆಗೆ ಬರುವ ಸಿಬ್ಬಂದಿ ನೇರ ಗೇಟಿಗೇ ಬಿಡುತ್ತಾರೆ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ಟ್ರಾನ್ಸಿಟ್ ವೀಸಾ ಬೇಕಾಗಬಹುದು, ಮೊದಲೇ ವಿಚಾರಿಸಿ.

ಎರಡು ಬೇರೆ ಬೇರೆ ಟಿಕೆಟ್ ತೆಗೆದು ಜೋಡಿಸುವುದು ಅಗ್ಗ ಕಾಣುತ್ತದೆ. ನಿಮ್ಮ ಅಪ್ಪನಿಗೆ ಇದನ್ನು ಖಂಡಿತ ಮಾಡಬೇಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಕಂಪನಿಗೆ ಯಾವ ಹೊಣೆಯೂ ಇರುವುದಿಲ್ಲ. ಬ್ಯಾಗ್ ಹೊರಗೆ ಬಂದು ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ನಮ್ಮ ಹತ್ತಿರದವರೊಬ್ಬರು ಹೀಗೆ ಹೊರಟು ಮಧ್ಯದ ಊರಿನಲ್ಲಿ ಒಂದು ರಾತ್ರಿ ಕುರ್ಚಿಯ ಮೇಲೆ ಕಳೆದರು, ಉಳಿಸಿದ ದುಡ್ಡಿನ ಎರಡರಷ್ಟು ಕೊಟ್ಟು ಹೊಸ ಟಿಕೆಟ್ ತೆಗೆದರು. ಆಗ ಅವರಿಗಿನ್ನೂ ನಲವತ್ತು.

ನನ್ನ ಅಪ್ಪ ಆಗಿದ್ದರೆ, ಡಾಕ್ಟರ್ ಒಪ್ಪಿ ದುಡ್ಡಿನ ಅನುಕೂಲ ಇದ್ದರೆ ನೇರ ವಿಮಾನದಲ್ಲೇ ಕರೆಸುತ್ತಿದ್ದೆ. ಅನುಕೂಲ ಇಲ್ಲದಿದ್ದರೆ ಒಂದೇ ಟಿಕೆಟ್‌ನ ಒಂದು ನಿಲುಗಡೆ.

ಮಾತ್ರೆಗಳ ವಿಷಯ ಮರೆಯಬೇಡಿ. ಟಿಕೆಟ್‌ನಲ್ಲಿ ಎರಡು ತಾರೀಕು ದಾಟಿರುವುದನ್ನು ನೋಡಿ ಎರಡು ದಿನದ ಡೋಸ್ ತೆಗೆದುಕೊಂಡುಬಿಡುವ ಸಾಧ್ಯತೆ ಇದೆ. ಮಾತ್ರೆಗೆ ತಾರೀಕು ಲೆಕ್ಕವಿಲ್ಲ, ಗಂಟೆ ಲೆಕ್ಕ. ಎಷ್ಟು ಗಂಟೆಗೊಮ್ಮೆ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಲಿ, ಇನ್ಸುಲಿನ್ ಇದ್ದರಂತೂ ತಪ್ಪದೆ. ಫೋನು ಇಳಿದ ಕೂಡಲೇ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಾಗಾಗಿ ಕೈಗಡಿಯಾರವನ್ನು ನ್ಯೂಯಾರ್ಕ್ ಸಮಯಕ್ಕೇ ಬಿಟ್ಟಿರಲಿ. ಮಾತ್ರೆಗಳು ಚೆಕ್ ಇನ್ ಬ್ಯಾಗಿನಲ್ಲಿ ಬೇಡ, ಅವರ ಕೈಚೀಲದಲ್ಲೇ ಇರಲಿ.

ನೀವು ವಿಮಾನ ನಿಲ್ದಾಣಕ್ಕೆ ಹೊರಡುವ ಸಮಯವನ್ನು 6:10 ಅಂತ ಗಟ್ಟಿ ಮಾಡಿಕೊಳ್ಳಬೇಡಿ. ಹಿಂದಿನ ಹತ್ತು ದಿನ ಅದೇ ನಂಬರಿನ ವಿಮಾನ ಎಷ್ಟು ಹೊತ್ತಿಗೆ ಇಳಿದಿದೆ ಅಂತ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡಿ. ಜನವರಿಯಲ್ಲಿ ಗಾಳಿ ಬೆನ್ನಿಗಿದ್ದರೆ ಅರ್ಧ ಗಂಟೆ ಮೊದಲೇ ಬಂದುಬಿಡಬಹುದು. ಅಪ್ಪ ಹೊರಗೆ ಬರುವ ಹೊತ್ತಿಗೆ ನೀವು ಅಲ್ಲಿರಬೇಕು.